ಕೋವಿಗೆ ಲೈಸೆನ್ಸ್ ಬೇಡ, ಮೌಸಿಗೆ ಪರ್ಮಿಷನ್ ಬೇಕು

ಕೊಡಗಲ್ಲಿ ನಮ್ಮೂರಲ್ಲಿ ಹಿರಿಯರಿಗೆ ಅಂತ ಮೂರು ದಿನದ ಫ್ರೀ ಕಂಪ್ಯೂಟರ್ ಶಿಬಿರ ಆಯ್ತು. ಕಕ್ಕಡ ತಿಂಗಳು, ಮಳೆ ಬಿಡದೆ ಹೊಡೀತಾ ಇದೆ, ಲೈನ್ ಮೇಲೆ ಮರ ಬಿದ್ದು ಕರೆಂಟ್ ಹೋಗಿ ಎರಡು ದಿನ ಆಗಿದೆ, ಅಂಥಾ ಹೊತ್ತು ನೋಡಿ ಇಟ್ಕೊಂಡಿದ್ದಾರೆ. ಇನ್ವರ್ಟರ್ ಇತ್ತು ಆದ್ರೆ ಅದು ಮೈಕಿಗೆ. ಕಂಪ್ಯೂಟರ್ ಒಂದೇ ಒಂದು, ಪ್ಲಾಸ್ಟಿಕ್ ಕವರ್ ಹಾಕಿ ಅದರ ಮೇಲೊಂದು ಟವೆಲ್ ಹೊದೆಸಿ ‘ಮುಟ್ಟಬಾರದು’ ಅಂತ ಚೀಟಿ ಅಂಟ್ಸಿ ಮೂಲೇಲಿ ಕೂರ್ಸಿದ್ರು. ಕಂಪ್ಯೂಟರಿಗೆ ಟವೆಲ್ಲು, ಅತಿಥಿಗಳಿಗೆ ಶಾಲು, ಭಾಷಣ, ದೀಪ, ಊಟ, ಅಲ್ಲಿಗೆ ಮೊದಲ್ನೇ ದಿನ ಮುಗೀತು.

ಎರಡನೇ ದಿನ ಸಾರ್ ಕರಿಹಲಗೆ ಮೇಲೆ ಸೀಮೆಸುಣ್ಣದಲ್ಲಿ ಡೆಸ್ಕ್‌ಟಾಪ್ ಬರೆದ್ರು, ಅಂದ್ರೆ ಕಂಪ್ಯೂಟರ್ ಆನ್ ಮಾಡಿದ್ರೆ ಮೊದ್ಲು ಕಾಣೋ ಪರದೆ. ದೊಡ್ಡ ಚೌಕ, ಒಳಗೆ ಚಿಕ್ಕ ಚಿಕ್ಕ ಚೌಕ. “ಇದು ಐಕಾನ್, ಎಲ್ಲಾ ಹೇಳಿ.” ಎಪ್ಪತ್ತು ದಾಟಿದ ಮಾವಂದಿರು, ಜೀವಮಾನ ಪೂರ್ತಿ ತೋಟದ ಆಳುಗಳಿಗೆ ಜೋರು ಮಾಡ್ಕೊಂಡು ಬಂದೋರು, ಒಂದನೇ ಕ್ಲಾಸಿನ ಮಕ್ಕಳ ಹಾಗೆ “ಐಕಾಆಆನ್” ಅಂದ್ರು. ಆಮೇಲೆ ಡಬಲ್ ಕ್ಲಿಕ್ ಪ್ರಾಕ್ಟಿಕಲ್, ಅಂದ್ರೆ ಬೆಂಚಿನ ಮೇಲೆ ಬೆರಳಲ್ಲಿ ಎರಡೆರಡು ಸಲ ಟಕ್ ಟಕ್ ಅಂತ ಕುಟ್ಟೋದು. ಮೂವತ್ತು ಜನ ಒಟ್ಟಿಗೆ ಕುಟ್ಟಿದ್ರು ನೋಡಿ, ಹುತ್ತರಿ ಹಬ್ಬಕ್ಕೆ ದುಡಿ ಹೊಡೆದ ಹಾಗಾಯ್ತು. ಒಬ್ಬ ಮಾವ ತಡೀಲಾರ್ದೆ ಎದ್ದು ಟವೆಲ್ ತೆಗೆಯೋಕೆ ಹೋದ್ರೆ “ಅಂಕಲ್ ಅಂಕಲ್ ಮುಟ್ಬೇಡಿ, ಮೇಲಿಂದ ಪರ್ಮಿಷನ್ ಬರ್ಬೇಕು” ಅಂದ್ರು. ನಮ್ಮಲ್ಲಿ ಕೊಡವರಿಗೆ, ಜಮ್ಮಾ ಅನ್ನೋ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೆ ಕೋವಿಗೆ ಲೈಸೆನ್ಸ್ ಬೇಡ ಅಂತ 2029ರ ತನಕ ಕೇಂದ್ರದವ್ರೇ ವಿನಾಯ್ತಿ ಕೊಟ್ಟಿದ್ದಾರೆ ಮಾರಾಯ್ರೇ, ಮೌಸಿಗೆ ಕೊಟ್ಟಿಲ್ಲ.

ಅಸಲಿಗೆ ಡೆಸ್ಕ್‌ಟಾಪ್ ಅನ್ನೋದನ್ನ ಮಾಡಿದ್ದೇ ಈ ಬಾಯಿಪಾಠ ತಪ್ಪಿಸೋಕೆ. ಮುಂಚೆ ಒಂದೊಂದು ಕಮಾಂಡನ್ನೂ ನೆನಪಿಟ್ಕೊಂಡು ಟೈಪ್ ಮಾಡ್ಬೇಕಿತ್ತು, ಆ ಗೋಳೇ ಬೇಡ, ಆಫೀಸಿನ ಮೇಜಿನ ಥರಾನೇ ಫೈಲು ಫೋಲ್ಡರು ಎಲ್ಲಾ ಕಣ್ಣೆದುರಿಗೇ ಇರ್ಲಿ, ಕೈಯಾಡಿಸ್ತಾ ತಾನೇ ಗೊತ್ತಾಗ್ಲಿ ಅಂತ ಝೆರಾಕ್ಸ್ ಕಂಪನಿ 1981ರಲ್ಲಿ ಸ್ಟಾರ್ ಅನ್ನೋ ಮಷೀನ್ ತಂತು, 1984ರಲ್ಲಿ ಆಪಲ್‌ನ ಮ್ಯಾಕಿಂಟೋಷ್ ಬಂತು. 1990ರ ವಿಂಡೋಸ್ 3.0 ಜೊತೆ ಸಾಲಿಟೇರ್ ಇಸ್ಪೀಟು ಕೊಟ್ಟಿದ್ದೂ ಅಷ್ಟೇ, ಎಲೆ ಎಳೆದು ಎಳೆದು ಮೌಸು ಕೈಗೆ ಕೂತ್ಕೊಳ್ಳುತ್ತೆ ಅಂತ. ಇಸ್ಪೀಟು ಅಂದ್ರೆ ನಮ್ಮ ಮಾವಂದಿರಿಗೆ ಯಾರಾದ್ರೂ ಹೇಳ್ಕೊಡ್ಬೇಕಾ? ಅರ್ಧ ಗಂಟೇಲಿ ಕಲ್ತು ಸಾರ್ ಜೇಬೂ ಖಾಲಿ ಮಾಡಿ ಕಳಿಸ್ತಿದ್ರು. ನಾನು ಹೇಳಿ ನೋಡ್ದೆ, “ಸರ್ಕಾರಿ ಕಂಪ್ಯೂಟರಲ್ಲಿ ಜೂಜಾ?” ಅಂತ ನನ್ನನ್ನೇ ಕೂರ್ಸಿದ್ರು.

ಹಂಚಿದ ಪುಸ್ತಕ ಇನ್ನೂ ಚೆನ್ನ. ಒಳಗೆ ಇರೋದು ವಿಂಡೋಸ್ ಎಕ್ಸ್‌ಪಿ, ಮೈಕ್ರೋಸಾಫ್ಟ್‌ನವ್ರು 2014ರಲ್ಲೇ ಕೈಬಿಟ್ಟಿದ್ದು. ಅದರಲ್ಲಿ ಆ ಹಸಿರು ಗುಡ್ಡ ನೀಲಿ ಆಕಾಶದ ಫೋಟೋ ನೋಡಿ ಚಿಕ್ಕಮ್ಮ ಒಬ್ರು “ಇದು ನಮ್ಮ ಮಾಂದಲಪಟ್ಟಿ ಗುಡ್ಡ ಅಲ್ವಾ ಸಾರ್” ಅಂತ ಕೇಳಿದ್ರು. ಅಲ್ಲ, ಅದು ಕ್ಯಾಲಿಫೋರ್ನಿಯಾದ ಸೊನೋಮಾ, 1996ರಲ್ಲಿ ತೆಗೆದಿದ್ದು. ಅಲ್ಲಿ ಮುಂಚೆ ದ್ರಾಕ್ಷಿ ತೋಟ ಇತ್ತಂತೆ, ಬೇರು ತಿನ್ನೋ ಹುಳ ಬಿದ್ದು ಬಳ್ಳಿ ಎಲ್ಲಾ ಕಿತ್ತು ಹಾಕಿದ್ಮೇಲೆ ಉಳಿದ ಹುಲ್ಲೇ ಆ ಚೆಂದದ ಹಸಿರು. ಕಾಂಡ ಕೊರೆಯೋ ಬೋರರ್ ಹುಳ ಹೊಡೆದು ಅರೇಬಿಕಾ ಕಾಫಿ ಗಿಡ ಕಿತ್ತು ಸುಟ್ಟು ಹಾಕಿದವ್ರಿಗೆ ಇದಕ್ಕಿಂತ ಹತ್ತಿರದ ಪಾಠ ಆ ಪುಸ್ತಕದಲ್ಲೇ ಇಲ್ಲ. ಸಾರ್ ಮಾತ್ರ “ಅದು ವಾಲ್‌ಪೇಪರ್ ಅಮ್ಮಾ, ಪರೀಕ್ಷೆಗೆ ಬರಲ್ಲ” ಅಂದು ಪುಟ ತಿರುವಿದ್ರು.

ಮೂರನೇ ದಿನ ಪರೀಕ್ಷೆ. ಸ್ಟಾರ್ಟ್ ಬಟನ್ ಎಲ್ಲಿರುತ್ತೆ? ಎಲ್ಲಾ ‘ಎಡಗಡೆ ಕೆಳಗಿನ ಮೂಲೆ’ ಅಂತ ಬರೆದ್ರು, ಅದೇ ಚಿಕ್ಕಮ್ಮ ಮಾತ್ರ, ಮಗಳು ಬೆಂಗಳೂರಿಂದ ತಂದ ಲ್ಯಾಪ್‌ಟಾಪ್ ನೋಡಿದ್ರಂತೆ, ‘ಮಧ್ಯದಲ್ಲಿ’ ಅಂತ ಬರೆದು ತಪ್ಪು ಹಾಕಿಸ್ಕೊಂಡ್ರು.

ಮೂರೂವರೆಗೆ ಕರೆಂಟ್ ಬಂತು, ಹಿಂದೇನೇ ನೆಟ್‌ವರ್ಕೂ ಬಂತು. ಗ್ರೂಪ್ ಫೋಟೋಗೆ ಅಂತ ಟವೆಲ್ ತೆಗೆದು ಕಂಪ್ಯೂಟರ್ ಆನ್ ಮಾಡಿದ್ರು. ವಿಂಡೋಸ್ 11. ಸಾರ್ ಜೋರಲ್ಲಿ ಎಡಗಡೆ ಮೂಲೆಗೆ ಹೋಗಿ ಒತ್ತಿದ್ರು, ಸ್ಟಾರ್ಟ್ ಬರ್ಲಿಲ್ಲ, ಹವಾಮಾನ ತೆರ್ಕೊಳ್ತು, ಇಡೀ ವಾರ ಮಳೆ ಅಂತ. ಇನ್ನೊಂದ್ಸಲ ಒತ್ತಿದ್ರು, ಇನ್ನೂ ಮಳೆ. ಚಿಕ್ಕಮ್ಮ ಹಿಂದಿಂದ “ಮಧ್ಯದಲ್ಲಿದೆ ಸಾರ್” ಅಂದ್ರು.

ಮಾರ್ಕು ಸರಿ ಮಾಡ್ತೀರಾ ಅಂತ ಕೇಳಿದ್ದಕ್ಕೆ ಆಗಲ್ವಂತೆ, ಪುಸ್ತಕದಲ್ಲಿ ಎಡಗಡೆ ಅಂತಾನೇ ಇದೆ.