ಇಲ್ಲಿ ಪ್ರಭುತ್ವ ಕಟ್ಟಿಕೊಡಲಾಗುತ್ತದೆ

2025ರ ಅಕ್ಟೋಬರಿನಲ್ಲಿ ದೆಹಲಿಯ ಪತ್ರಿಕಾಗೋಷ್ಠಿಗೆ ಪತ್ರಕರ್ತೆಯರನ್ನು ಬಿಟ್ಟುಕೊಳ್ಳದ ಅಫ್ಘಾನಿಸ್ತಾನದ ತಾಲಿಬಾನ್ ಸರ್ಕಾರದ ವಿದೇಶಾಂಗ ಸಚಿವ ಮುತ್ತಾಕಿ ಸಾಹೇಬರು, ಗದ್ದಲವಾದ ಎರಡೇ ದಿನಕ್ಕೆ ಅವರನ್ನೇ ಮುಂದಿನ ಸಾಲಿನಲ್ಲಿ ಕೂರಿಸಿದ ಕಥೆ ನಿಮಗೆ ಗೊತ್ತೇ ಇದೆ. ಎಲ್ಲರೂ ತಾಲಿಬಾನ್ ಮೇಲೆ ಹರಿಹಾಯ್ದರು. ನನಗೆ ನೆನಪಾದವರು ಅಂತರರಾಷ್ಟ್ರೀಯ ಸಂಬಂಧಗಳ ಪಂಡಿತರು. ಪ್ರಭುತ್ವಗಳೆಂದರೆ ಬಿಲಿಯರ್ಡ್ ಚೆಂಡುಗಳು, ಡಿಕ್ಕಿಯನ್ನಷ್ಟೇ ನೋಡಿ, ಒಳಗೇನಿದೆ ಎಂದು ಕೇಳಬೇಡಿ ಎಂದು ಬಹುಕಾಲ ಪಾಠ ಹೇಳಿದ ಶಾಸ್ತ್ರ ಇವರದು. 2001ರಲ್ಲಿ ಅಮೆರಿಕ ಇದೇ ತಾಲಿಬಾನನ್ನು ಉರುಳಿಸಿದ ಮೇಲೆ ಚೆಂಡನ್ನೇ ತಯಾರಿಸಲು ಕಾಬೂಲಿಗೆ ಹೊರಟರು!

ಮೇಸ್ತ್ರಿಗಳಿಗೆ ಬರವಿರಲಿಲ್ಲ. ವಿಫಲ ಪ್ರಭುತ್ವಗಳನ್ನು ರಿಪೇರಿ ಮಾಡುವುದು ಹೇಗೆಂದು ಅಶ್ರಫ್ ಘನಿಯವರು 2008ರಲ್ಲಿ ಸಹಲೇಖಕಿಯೊಡನೆ ಪುಸ್ತಕವನ್ನೇ ಬರೆದರು. 2014ರಲ್ಲಿ ಅಫ್ಘಾನಿಸ್ತಾನದ ಅಧ್ಯಕ್ಷರಾದರು, ಪ್ರಯೋಗಕ್ಕೊಂದು ದೇಶವೂ ಸಿಕ್ಕಿತು. 2021ರ ಆಗಸ್ಟ್ 15ರಂದು ತಾಲಿಬಾನಿಗಳು ಕಾಬೂಲಿಗೆ ಬರುತ್ತಲೇ ಲೇಖಕರು ದೇಶ ಬಿಟ್ಟು ಹಾರಿದರು.

ಈ ಪ್ರಭುತ್ವ ಕಟ್ಟಿದ ಕಥೆಯಲ್ಲಿ ನನಗೆ ಅಚ್ಚುಮೆಚ್ಚಿನದು ಸೇನೆಯ ಸಮವಸ್ತ್ರದ ಅಧ್ಯಾಯ. 2007ರಲ್ಲಿ ಅಫ್ಘನ್ ರಕ್ಷಣಾ ಸಚಿವರು ಅಂತರ್ಜಾಲದಲ್ಲಿ ವಿನ್ಯಾಸಗಳನ್ನು ನೋಡುತ್ತಿದ್ದಾಗ ಹಸಿರು ಕಾಡಿನ ಚಿತ್ತಾರವೊಂದು ಕಣ್ಣಿಗೆ ಹಿಡಿಸಿತು. ಮದುವೆ ಸೀರೆ ಕೊಳ್ಳುವವರೂ ನಾಲ್ಕು ಅಂಗಡಿ ಹತ್ತಿಳಿಯುತ್ತಾರೆ. ಇಲ್ಲಿ ಪರೀಕ್ಷೆಯೂ ಇಲ್ಲದೆ ಅದೇ ಖಾಯಂ. ಆ ದೇಶದಲ್ಲಿ ಕಾಡಿರುವುದು ನೂರಕ್ಕೆ ಎರಡು ಪಾಲು ನೆಲದಲ್ಲಿ! ಬೋಳುಗುಡ್ಡದ ಮೇಲೆ ಹಸಿರಾಗಿದ್ದವನು ಸೈನಿಕನೊಬ್ಬನೇ. ಈ ಸೊಗಸಿಗೆ ಹೆಚ್ಚುವರಿಯಾಗಿ ತೆತ್ತದ್ದು 2.8 ಕೋಟಿ ಡಾಲರ್‌ವರೆಗೆ ಎಂದು ಅಮೆರಿಕದ ತಪಾಸಣಾಧಿಕಾರಿಗಳೇ 2017ರಲ್ಲಿ ಬರೆದಿಟ್ಟರು.

ಪಂಡಿತರ ಭಾಷೆಯಲ್ಲಿ ಇದು ‘ಸ್ಥಳೀಯರ ಒಡೆತನ’ ಇರಬೇಕು. ಬಟ್ಟೆ ಆರಿಸುವ ಹಕ್ಕು ಕಾಬೂಲಿಗೆ, ಬಿಲ್ಲು ವಾಷಿಂಗ್ಟನ್ನಿಗೆ. ದೇಶದ ಹಣೆಬರಹ ಬರೆಯುವ ಹೊತ್ತು ಬಂದಾಗ, 2020ರ ಫೆಬ್ರುವರಿಯಲ್ಲಿ ಅಮೆರಿಕದ ಸೇನೆ ಹಿಂದಿರುಗುವ ದೋಹಾದ ಒಪ್ಪಂದಕ್ಕೆ ಈ ಒಡೆಯರ, ಅಂದರೆ ಕಾಬೂಲ್ ಸರ್ಕಾರದ, ಸಹಿಯೇ ಬೇಕಾಗಲಿಲ್ಲ. ಅಮೆರಿಕದ ಜೊತೆ ಸಹಿ ಹಾಕಿದವರು ತಾಲಿಬಾನಿಗಳು. ತಾಲಿಬಾನಿಗಳು ‘ಎಮಿರೇಟ್’ ಎಂದು ಕರೆದುಕೊಳ್ಳುವ ತಮ್ಮ ಆಡಳಿತವನ್ನು ಪ್ರಭುತ್ವವೆಂದು ಅಮೆರಿಕ ಮಾನ್ಯ ಮಾಡುವುದಿಲ್ಲ ಎಂಬ ಒಕ್ಕಣೆಯೂ ಅದೇ ಕಾಗದದಲ್ಲಿತ್ತು. ಕಟ್ಟಿದ ಪ್ರಭುತ್ವ ಬಾಗಿಲಾಚೆ, ಮಾನ್ಯವಲ್ಲದ್ದು ಮೇಜಿನ ಮುಂದೆ. ಯಾವ ಸಿದ್ಧಾಂತದ ಪ್ರಕಾರವೋ!

ನಾವೂ ಕಡಿಮೆಯವರಲ್ಲ. 2015ರಲ್ಲಿ ಅಫ್ಘನ್ನರಿಗೊಂದು ಸಂಸತ್ ಭವನವನ್ನೇ ಕಟ್ಟಿಕೊಟ್ಟೆವು. ಭವನವಿದೆ, ಸಂಸತ್ತಿಲ್ಲ.

ಈ ಸೋಲಿನ ಮೇಲೂ ಪ್ರಬಂಧಗಳು ಬರುತ್ತಿವೆ, ಪಿಎಚ್.ಡಿ.ಗಳಾಗುತ್ತಿವೆ. ಆಗಲಿ. ಆರನೇ ತರಗತಿ ದಾಟಿದ ಹುಡುಗಿಗೆ ಅಲ್ಲಿ ಶಾಲೆಯಿಲ್ಲ. ಓದು, ಈ ದೇಶ ನಿನ್ನದು ಎಂದು ಇಪ್ಪತ್ತು ವರ್ಷ ಹೇಳಿದವರು ವಿಮಾನ ಹತ್ತಿ ಹೋದರು. ಅವಳನ್ನು ಹತ್ತಿಸಿಕೊಳ್ಳಲಿಲ್ಲ.