ಇಪ್ಪತ್ತೊಂಬತ್ತಾದ ಮೇಲೆ ಇಪ್ಪತ್ತಹತ್ತು

ಒಂದನೇ ತರಗತಿಯ ಗಣಿತವೆಂದರೆ ತೊಂಬತ್ತೊಂಬತ್ತರವರೆಗೆ ಎಣಿಕೆ, ಒಂದಿಷ್ಟು ಕೂಡುವುದು, ಒಂದಿಷ್ಟು ಕಳೆಯುವುದು, ಇಷ್ಟೇ ತಾನೆ ಎಂದು ಹೈಸ್ಕೂಲಿನ ಗಣಿತದ ಮೇಷ್ಟರು ನಮ್ಮಂಥವರನ್ನು ನೋಡಿ ನಗುವುದುಂಟು. ಅವರ ತರಗತಿಯಲ್ಲಿ ಎಕ್ಸ್ ಎಂದರೆ ಏನು ಬೇಕಾದರೂ ಆಗಬಹುದೆಂದು ಹೇಳಿದರೆ ಮಕ್ಕಳು ತಲೆಯಾಡಿಸಿ ಬರೆದುಕೊಳ್ಳುತ್ತಾರೆ. ನಮ್ಮಲ್ಲಿ ಅಂಥ ಔದಾರ್ಯವಿಲ್ಲ. "ರಾಮುವಿನ ಹತ್ತಿರ ಐದು ಮಾವಿನಹಣ್ಣು ಇದ್ದವು" ಎಂದು ನಾನು ಶುರುಮಾಡಿದರೆ, ಯಾವ ರಾಮು, ಮಾವಿನ ಕಾಲವೇ ಅಲ್ಲದಾಗ ಅವನಿಗೆ ಹಣ್ಣು ಎಲ್ಲಿ ಸಿಕ್ಕಿತು ಎಂಬುದು ಇತ್ಯರ್ಥವಾಗದೆ ಲೆಕ್ಕ ಮುಂದಕ್ಕೆ ಹೋಗುವುದಿಲ್ಲ. "ಅದರಲ್ಲಿ ಎರಡನ್ನು ಗೀತಾಳಿಗೆ ಕೊಟ್ಟ" ಎನ್ನುವ ಹೊತ್ತಿಗೆ, ಗೀತಾಳಿಗೆ ಮಾತ್ರ ಏಕೆ ಎಂಬ ನ್ಯಾಯದ ಪ್ರಶ್ನೆ ಎದ್ದು, ಎಷ್ಟು ಉಳಿಯಿತೆಂದು ಕೇಳುವಷ್ಟರಲ್ಲಿ ಗಂಟೆ ಬಾರಿಸಿರುತ್ತದೆ.

ನಮ್ಮದು ನಲಿಕಲಿ ಕೊಠಡಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊಳೆತ ಈ ಪದ್ಧತಿಯಲ್ಲಿ ಒಂದರಿಂದ ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ 'ತಟ್ಟೆ' ಎಂದು ಕರೆಯುವ ಗುಂಪುಗಳಲ್ಲಿ ಕುಳಿತು, ಕಾರ್ಡು ಹಿಡಿದು, ಪಾಠಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಕಲಿಕಾ ಏಣಿಯನ್ನು ತಮ್ಮ ತಮ್ಮ ವೇಗದಲ್ಲಿ ಹತ್ತುತ್ತಾರೆ. ಸಂಖ್ಯೆಯನ್ನು ಬರೆಯುವ ಮೊದಲು ಕೈಯಿಂದ ಮುಟ್ಟಿ ಎಣಿಸಬೇಕೆಂಬುದನ್ನು ನಾನು ಮನಸಾರೆ ಒಪ್ಪುತ್ತೇನೆ; ಆದರೆ ಕೈಗೆ ಬಂದದ್ದು ಕೈಯಲ್ಲೇ ಉಳಿಯುತ್ತದೆಂದು ಯಾವ ತರಬೇತಿಯಲ್ಲೂ ಭರವಸೆ ಕೊಟ್ಟಿಲ್ಲ. ಕಡಲೆಬೀಜ ಹಂಚಿ ಹತ್ತರವರೆಗೆ ಎಣಿಸಲು ಹೇಳಿದ ದಿನ, ಕಲಿಸುವ ಉದ್ದೇಶವೇ ಇಲ್ಲದಿದ್ದ ಕಳೆಯುವ ಲೆಕ್ಕವನ್ನು ಇಡೀ ತರಗತಿ ತಾನಾಗಿ ಕಲಿತು, ಎರಡೇ ನಿಮಿಷದಲ್ಲಿ ಸೊನ್ನೆಯನ್ನೂ ತಲುಪಿತು. ತಿನ್ನಲಾಗದ ವಸ್ತುವೇ ಕ್ಷೇಮವೆಂದು ಹುಣಸೆ ಬೀಜ ತಂದರೆ, ಒಬ್ಬ ಅದರಲ್ಲೊಂದನ್ನು ಮೂಗಿನೊಳಗೆ ಜೋಪಾನ ಮಾಡಿಕೊಂಡ. ಹೆಡ್‌ಮಾಸ್ಟರು ಆಸ್ಪತ್ರೆಗೆ ಹೊರಡಲು ಬೈಕಿನ ಕೀಲಿ ಹುಡುಕುತ್ತಿರುವಾಗಲೇ ಬಿಸಿಯೂಟದ ಅಡುಗೆಯವರು ಒಗ್ಗರಣೆಗೆ ಒಣಮೆಣಸಿನಕಾಯಿ ಹಾಕಿದ ಪುಣ್ಯಕ್ಕೆ ಕೋಣೆಯೆಲ್ಲ ಸೀನಿತು, ಬೀಜವೂ ಹೊರಗೆ ಬಂದಿತು. ಪಕ್ಕದಲ್ಲಿ ಕುಳಿತಿದ್ದವಳು ಅದನ್ನು ಹೆಕ್ಕಿ, ಲಂಗಕ್ಕೆ ಒರೆಸಿ, ಸಾಲಿನ ಕೊನೆಗಿಟ್ಟು, "ಈಗ ಸರಿಯಾಗಿ ಹತ್ತಾಯ್ತು ಮಿಸ್" ಎಂದಳು.

ಎರಡು ಸಮ ಸಾಲುಗಳಲ್ಲಿ ಒಂದನ್ನು ಮಗುವಿನ ಕಣ್ಣೆದುರಿಗೇ ಅಗಲಿಸಿ ಇಟ್ಟರೆ, ಉದ್ದನೆಯ ಸಾಲಿನಲ್ಲೇ ಹೆಚ್ಚಿದೆಯೆಂದು ಈ ವಯಸ್ಸಿನ ಮಕ್ಕಳು ಹೇಳುವುದನ್ನು ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಪಿಯಾಜೆ ತೋರಿಸಿಕೊಟ್ಟಿದ್ದರು. ಪರೀಕ್ಷಿಸಿಯೇ ಬಿಡೋಣವೆಂದು ನಾನು ಆರು ಕಲ್ಲುಗಳ ಒಂದು ಸಾಲನ್ನು ಅಗಲಿಸಿ ಕೇಳಿದಾಗ, ಹುಡುಗನೊಬ್ಬ, "ನೀವು ಎಳೆದ್ರಲ್ಲ ಮಿಸ್, ಅದಕ್ಕೇ ಜಾಸ್ತಿ ಆಯ್ತು" ಎಂದು ಕಾರಣಸಹಿತ ಉತ್ತರ ಕೊಟ್ಟ. ಪಿಯಾಜೆ ಅಲ್ಲಿಗೆ ನಿಲ್ಲಿಸಿದ್ದಿರಬಹುದು, ನಮ್ಮ ಹುಡುಗ ನಿಲ್ಲಿಸಲಿಲ್ಲ. ಈಗ ಅವನು ಕೈಗೆ ಸಿಕ್ಕ ಚಿಕ್ಕಿಯನ್ನು ಚೂರುಮಾಡಿ ಬಾಗಿಲಿನವರೆಗೆ ಸಾಲಾಗಿಟ್ಟು, ಎಲ್ಲರಿಗಿಂತ ಹೆಚ್ಚು ತಿಂದ ತೃಪ್ತಿಯಲ್ಲಿ ಏಳುತ್ತಾನೆ.

ಇಂತಹವರ ಮುಂದೆ, ಸುತ್ತಲಿನ ಶಾಲೆಗಳಿಗೆ ಭೇಟಿ ಕೊಟ್ಟು ಕಲಿಕೆಯನ್ನು ನೋಡುವ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ, ಅಂದರೆ ಸಿ.ಆರ್.ಪಿ.ಯವರು ಬಂದು ನಿಂತರು. ಬೋರ್ಡಿನ ಮೇಲೆ ಅವಸರದಲ್ಲಿ 4 ಮತ್ತು 6 ಬರೆದು, ಯಾವುದು ದೊಡ್ಡದೆಂದು ಕೇಳಿದರು. ಅವರ 4 ಗೇಣುದ್ದವಿತ್ತು, 6 ಮೂಲೆಯಲ್ಲಿ ಮುದುಡಿಕೊಂಡಿತ್ತು. ನಾಲ್ಕೇ ದೊಡ್ಡದೆಂದು ತರಗತಿ ಒಕ್ಕೊರಲಿನಿಂದ ಹೇಳಿತು, ಮತ್ತು ಕಣ್ಣಿದ್ದವರಾರೂ ಅದನ್ನು ಅಲ್ಲಗಳೆಯುವಂತಿರಲಿಲ್ಲ. ಹದಿನಾಲ್ಕು ಬರೆಯೆಂದಾಗ, ಹತ್ತನ್ನು ಮೊದಲು ಪೂರ್ತಿ ಬರೆದು ಪಕ್ಕದಲ್ಲಿ ನಾಲ್ಕನ್ನು ಸೇರಿಸಿದ 104 ಬಂತು. ಕೊನೆಗೆ ಎಣಿಸಲು ಹೇಳಿದರು. ಇಪ್ಪತ್ತೇಳು, ಇಪ್ಪತ್ತೆಂಟು, ಇಪ್ಪತ್ತೊಂಬತ್ತು ಸರಾಗವಾಗಿ ಬಂದು, ಅಷ್ಟೇ ಸರಾಗವಾಗಿ ಇಪ್ಪತ್ತಹತ್ತು, ಇಪ್ಪತ್ತಹನ್ನೊಂದು ಎಂದು ಮುಂದುವರಿಯಿತು. ಇಪ್ಪತ್ತಕ್ಕೆ ಹತ್ತು ಸೇರಿದರೆ ಮೂವತ್ತೇ ಆಗುವುದರಿಂದ ಇದಕ್ಕೆ ತಪ್ಪು ಗುರುತು ಹಾಕಲು ನನಗೆ ಇಂದಿಗೂ ಕೈ ಬರುವುದಿಲ್ಲ. ಸಿ.ಆರ್.ಪಿ.ಯವರು ಮಾತ್ರ ಭೇಟಿ ಪುಸ್ತಕದಲ್ಲಿ "ಸಂಖ್ಯಾಜ್ಞಾನಕ್ಕೆ ಹೆಚ್ಚಿನ ಗಮನ ಅಗತ್ಯ" ಎಂದು ಬರೆದು, ಸಹಿ ಹಾಕಿ ಹೊರಟರು.

ಅವರು ಊಟದ ಹೊತ್ತಿನವರೆಗೆ ಕಾದಿದ್ದರೆ ಬೇರೆ ಏನಾದರೂ ಬರೆಯುತ್ತಿದ್ದರೋ ಏನೋ. ಅಂದು ಶ್ರಾವಣ ಸೋಮವಾರ, ಮೊಟ್ಟೆ ಕೊಡುವ ದಿನವೂ ಹೌದು. ಮೊಟ್ಟೆ ಬೇಡವೆಂದವರಿಗೆ ಬಾಳೆಹಣ್ಣು ಕೊಡಬೇಕಾದ್ದರಿಂದ ನಾನು ಹಾಜರಿ ಪುಸ್ತಕ ತೆರೆದು ಲೆಕ್ಕ ಹಾಕತೊಡಗಿದ್ದೆ. ಅಷ್ಟರಲ್ಲಿ, ಬೆಳಿಗ್ಗೆ 104 ಬರೆದಿದ್ದ ಹುಡುಗಿ ಅಡುಗೆ ಕೋಣೆಯನ್ನೊಮ್ಮೆ ಇಣುಕಿ ಬಂದು, ಉಸಿರು ಬಿಡದೆ ವರದಿ ಒಪ್ಪಿಸಿದಳು: "ಮಿಸ್, ಇವತ್ತು ಇಬ್ರು ಬಂದಿಲ್ಲ, ನಾಕು ಜನ ಸೋಮವಾರ ಮೊಟ್ಟೆ ತಿನ್ನಲ್ಲ, ಅದಕ್ಕೇ ಆರು ಮೊಟ್ಟೆ ಮಿಗುತ್ತೆ. ಬಾಳೆಹಣ್ಣು ನಾಕೇ ನಾಕು ಇರೋದು, ನೀವು ತಗೋಬೇಡಿ."