ಬರ್ತೋಲ್ದೊ ತೆನಾಲಿ ರಾಮ ಅಲ್ಲ
ನಿಮ್ಮ ಬರಹದಲ್ಲಿ ಇಟಲಿಯ ನಿರ್ದೇಶಕ ಮೊನಿಚೆಲ್ಲಿಯ 1984ರ ಸಿನಿಮಾದ ಬರ್ತೋಲ್ದೊನನ್ನು ‘ಇಟಲಿಯ ತೆನಾಲಿ ರಾಮ’ ಅಂದಿದ್ದೀರಿ. ಒಪ್ಪಲಾಗುವುದಿಲ್ಲ ಸರ್. ನಮ್ಮ ಕಥೆಗಳ ರಾಮಕೃಷ್ಣ ಆಸ್ಥಾನ ಕವಿ, ಅರಮನೆಯ ಅನ್ನ ಉಂಡವನು. ಸಿನಿಮಾದಲ್ಲಿ ನಟ ಉಗೊ ತೊಗ್ನಾಜ್ಜಿ ಮಾಡಿರುವುದು ಬಡ ರೈತನ ಪಾತ್ರ. ರಾಜ ಅಲ್ಬೊಯಿನೊ ಎದುರು ಅವನಿಗಿರುವ ಆಸ್ತಿ ನಾಲಿಗೆ ಒಂದೇ. ಈ ಬರ್ತೋಲ್ದೊನ ಕಥೆಯನ್ನು 1606ರಲ್ಲಿ ಬರೆದ ಜೂಲಿಯೊ ಚೆಸಾರೆ ಕ್ರೋಚೆ ಕೂಡ ಅರಮನೆಯವನಲ್ಲ, ಕಮ್ಮಾರನ ಮಗ. ಅವನ ಪುಸ್ತಕದಲ್ಲಿ ಬರ್ತೋಲ್ದೊನ ಜೀವ ತೆಗೆಯುವುದೇ ಅರಮನೆಯ ನಯವಾದ ಊಟ. ಈರುಳ್ಳಿ ಹಾಕಿ ಬೇಯಿಸಿದ ಬೀನ್ಸ್ ಕಾಳು, ಬೂದಿಯಲ್ಲಿ ಸುಟ್ಟ ಟರ್ನಿಪ್ ಗಡ್ಡೆ ಕೊಡಿ, ಹುಷಾರಾಗುತ್ತೇನೆ ಅಂತ ಕೇಳಿಕೊಳ್ಳುತ್ತಾನೆ. ವೈದ್ಯರು ಕೇಳುವುದಿಲ್ಲ, ಆಸ್ಥಾನದ ದೊಡ್ಡ ಮನುಷ್ಯರಿಗೆ ಕೊಡುವ ಮದ್ದನ್ನೇ ಕುಡಿಸುತ್ತಾರೆ. ಇಷ್ಟು ಹೊಟ್ಟೆ ಉರಿಸುವ ಕಥೆಯನ್ನು ‘ಬರೀ ತಮಾಷೆ’ ಅಂತ ಹೇಗೆ ಬರೆದಿರಿ?